ಗಿರಿಯಾತ್ರೆಗೆ ಪ್ರಶಸ್ತ ಕಾಲ

(ಮೈಸೂರು ವಿದ್ಯಾರಣ್ಯಪುರಂನಲ್ಲಿ ಬಸದಿಯ ಪ್ರತಿಷ್ಠಾ ಮಹೋತ್ಸವದ ಅಂಗವಾಗಿ ನಡೆದ ಉಪನ್ಯಾಸದ ಪಾಠ)



ನೂತನ ಜಿನಾಲಯದ ಶಿಖರಕ್ಕೆ ಕಳಸವೇರುವ ಶುಭಸಂದರ್ಭದಲ್ಲಿ ಪುರಾತನ ಗಿರಿಕ್ಷೇತ್ರಗಳ ಸ್ಮರಣೆ ಅಪ್ರಸ್ತುತವಾಗಲಾರದು. ಹೊಸ ಬಸದಿಯಲ್ಲಿ ಬಿಂಬಪ್ರತಿಷ್ಠೆಯಾಗುವ ದಿನ ಸಮಾಜದ ಸಂತೋಷಕ್ಕೆ ಪಾರವಿರುವುದಿಲ್ಲ. ಆದರೆ ಅದೇ ಹೊತ್ತಿಗೆ ಎಲ್ಲಿಯೋ ಒಂದು ಬೆಟ್ಟದ ನೆತ್ತಿಯಲ್ಲಿ, ಸಾವಿರ ವರ್ಷಗಳ ಹಿಂದೆ ಇಂಥದೇ ಸಂಭ್ರಮದಲ್ಲಿ ಪ್ರತಿಷ್ಠೆಗೊಂಡ ಬಸದಿಯೊಂದು ಮುರಿದ ಕಂಬಗಳ ನಡುವೆ ಮೌನವಾಗಿ ನಿಂತಿರುತ್ತದೆ. ಅದನ್ನು ಕಟ್ಟಿಸಿದವರೂ ಶ್ರಾವಕರೇ, ಅಲ್ಲಿ ಅಭಿಷೇಕ ಮಾಡಿದವರೂ ಶ್ರಾವಕರೇ. ಹೊಸದರ ಹರ್ಷ ಹಳೆಯದರ ವಿಸ್ಮೃತಿಗೆ ಕಾರಣವಾಗಬಾರದು ಎಂಬ ಎಚ್ಚರ ಪ್ರತಿಷ್ಠಾ ಮಹೋತ್ಸವದ ಒಂದು ಅಂಗವೇ ಆಗಿದೆ.

ವಿದ್ಯಾರಣ್ಯಪುರಂ ಬಡಾವಣೆಯ ಶ್ರಾವಕ ಕುಟುಂಬಗಳಿಗೆ ಗಿರಿಕ್ಷೇತ್ರಗಳು ದೂರವೇನಲ್ಲ. ಪಶ್ಚಿಮಕ್ಕೆ ಹುಣಸೂರಿನ ದಾರಿಯಲ್ಲಿ ಸುಮಾರು 25 ಕಿಲೋಮೀಟರು ನಡೆದರೆ ಬೆಟ್ಟದೂರಿನ ಗೊಮ್ಮಟಗಿರಿ. ದಕ್ಷಿಣಕ್ಕೆ ನಂಜನಗೂಡಿನ ಮಾರ್ಗವಾಗಿ ಹೊರಟರೆ ಚಾಮರಾಜನಗರ ತಾಲ್ಲೂಕಿನ ಮಲೆಯೂರಿನ ಕನಕಗಿರಿ. ಪೂರ್ವದಲ್ಲಿ ಮದ್ದೂರು ತಾಲ್ಲೂಕಿನ ಆರೆತಿಪ್ಪೂರು. ಉತ್ತರದಲ್ಲಿ ಸಕಲ ಭಾರತದ ಶ್ರದ್ಧಾಕೇಂದ್ರವಾದ ಶ್ರವಣಬೆಳಗೊಳ. ನಾಲ್ಕು ದಿಕ್ಕುಗಳಲ್ಲಿ ನಾಲ್ಕು ಕ್ಷೇತ್ರಗಳು. ಬೆಳಗ್ಗೆ ಹೊರಟು ಸಂಜೆಯೊಳಗೆ ಮನೆ ಸೇರಬಹುದಾದ ಈ ಸೌಭಾಗ್ಯ ಎಲ್ಲ ಊರಿನವರಿಗೂ ದೊರೆಯುವಂಥದಲ್ಲ.

ಆದರೂ ಪ್ರತಿ ಮನೆಯಲ್ಲಿಯೂ ಒಂದು ಪ್ರಶ್ನೆ ಏಳುತ್ತದೆ: ಹೋಗುವುದು ಯಾವಾಗ? ಮಕ್ಕಳಿಗೆ ಶಾಲೆಯ ರಜೆ ಏಪ್ರಿಲ್, ಮೇ ತಿಂಗಳುಗಳಲ್ಲಿ. ಆಗ ಬಂಡೆ ಕಾದ ಹೆಂಚಿನಂತಿರುತ್ತದೆ, ಅಜ್ಜಿಯ ಪಾದ ಅದನ್ನು ಸಹಿಸಲಾರದು. ದಸರೆಯ ರಜೆಯಲ್ಲಿ ಹೋಗೋಣವೆಂದರೆ ಮಳೆ ಬಿಟ್ಟಿರುವುದಿಲ್ಲ. ಮುಂದಿನ ವರ್ಷ ನೋಡೋಣವೆಂದು ಸಂಕಲ್ಪ ಮುಂದಕ್ಕೆ ಹೋಗುತ್ತದೆ. ಹೀಗೆ ಮುಂದಕ್ಕೆ ಹಾಕುತ್ತ ಹಾಕುತ್ತ ಬೆಟ್ಟ ಹತ್ತುವ ಶಕ್ತಿಯೇ ಉಡುಗಿಹೋದ ಹಿರಿಯರು ಎಷ್ಟೋ ಮಂದಿ. ಆದ್ದರಿಂದ ಕಾಲದ ಆಯ್ಕೆ ಕೇವಲ ಸೌಕರ್ಯದ ವಿಚಾರವೆಂದು ತಿಳಿಯಬಾರದು. ಅದು ದರ್ಶನಭಾಗ್ಯದ ವಿಚಾರ, ಅಹಿಂಸಾವ್ರತದ ವಿಚಾರ, ಆ ಪ್ರಾಚೀನ ಶಿಲೆಗಳ ಉಳಿವಿನ ವಿಚಾರವೂ ಹೌದು.

ಮೊದಲನೆಯದಾಗಿ, ಶಾಸ್ತ್ರದೃಷ್ಟಿ. ಜೈನ ಪರಂಪರೆಯಲ್ಲಿ ಸಂಚಾರಕ್ಕೂ ಋತುವಿಗೂ ಇರುವ ಸಂಬಂಧ ಅತ್ಯಂತ ಪ್ರಾಚೀನವಾದುದು. ದಿಗಂಬರ ಮುನಿಗಳು ಆಷಾಢ ಶುದ್ಧ ಚತುರ್ದಶಿಯಿಂದ ಮೊದಲ್ಗೊಂಡು ದೀಪಾವಳಿಯ ಅಮಾವಾಸ್ಯೆ, ಅಂದರೆ ಭಗವಾನ್ ಮಹಾವೀರರ ನಿರ್ವಾಣ ದಿನದವರೆಗೆ ವರ್ಷಾಯೋಗ ಧಾರಣೆ ಮಾಡಿ ಒಂದೇ ಸ್ಥಳದಲ್ಲಿ ನೆಲೆಸುತ್ತಾರೆ. ಮಳೆಗಾಲದಲ್ಲಿ ಭೂಮಿಯ ಮೇಲೆ ಜೀವರಾಶಿ ಅಸಂಖ್ಯವಾಗಿ ಹುಟ್ಟುತ್ತದೆ. ಮೊಳಕೆ, ಹಸಿರು, ಪಾಚಿ, ಎರೆಹುಳು, ಬಸವನಹುಳು, ಸಹಸ್ರಪದಿ, ರೆಕ್ಕೆಯ ಗೆದ್ದಲು ಮೊದಲಾದವು ಹೆಜ್ಜೆಯಿಟ್ಟಲ್ಲೆಲ್ಲ ಇರುತ್ತವೆ. ಈರ್ಯಾಸಮಿತಿಯನ್ನು ಪಾಲಿಸಿ ನೊಗದಷ್ಟು ದೂರ ನೆಲ ನೋಡಿ ನಡೆಯುವ ಮುನಿಗೂ ಆ ದಿನಗಳಲ್ಲಿ ಹಿಂಸೆಯನ್ನು ತಪ್ಪಿಸುವುದು ಕಷ್ಟ. ಆದ್ದರಿಂದಲೇ ಅವರು ನಡೆಯುವುದನ್ನೇ ನಿಲ್ಲಿಸುತ್ತಾರೆ.

ಗೃಹಸ್ಥನಿಗೆ ಚಾತುರ್ಮಾಸ್ಯದ ಈ ನಿಯಮ ಅನಿವಾರ್ಯವಲ್ಲ, ನಿಜ. ಆದರೆ ಅದರ ಆಶಯ ಅವನಿಗೂ ಅನ್ವಯಿಸುತ್ತದೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡಗಳನ್ನು ವಿವರಿಸುವಾಗ ಪ್ರಮಾದಚರ್ಯೆ ಎಂಬುದೊಂದನ್ನು ಹೇಳುತ್ತಾರೆ. ನೆಲವನ್ನು ನಿಷ್ಪ್ರಯೋಜನವಾಗಿ ಅಗೆಯುವುದು, ನೀರನ್ನು ಚೆಲ್ಲುವುದು, ಬೆಂಕಿಯನ್ನು ಉರಿಸುವುದು, ಗಿಡಮರಗಳನ್ನು ಕಡಿಯುವುದು ಮಾತ್ರವಲ್ಲದೆ, ಕಾರಣವಿಲ್ಲದೆ ತಾನು ಅಲೆಯುವುದೂ ಇತರರನ್ನು ಅಲೆಸುವುದೂ ಪ್ರಮಾದಚರ್ಯೆಯೇ ಎಂದು ಅವರ ನಿರೂಪಣೆ. ತೀರ್ಥಯಾತ್ರೆ ನಿಷ್ಪ್ರಯೋಜನವಾದ ಅಲೆದಾಟವಲ್ಲ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದೇ ಯಾತ್ರೆಯನ್ನು ಅಲ್ಪಹಿಂಸೆಯಿಂದ ಮಾಡಬಹುದಾದ ಕಾಲವೊಂದು ಇರುವಾಗ, ಬಹುಹಿಂಸೆಯಾಗುವ ಕಾಲವನ್ನೇ ಆರಿಸಿಕೊಂಡರೆ ಆ ಹೆಚ್ಚಿನ ಹಿಂಸೆಗೆ ಯಾವ ಪ್ರಯೋಜನವನ್ನು ಹೇಳಲಾದೀತು?

ಗುಜರಾತಿನ ಪಾಲಿತಾಣದ ಶತ್ರುಂಜಯ ಪರ್ವತದಲ್ಲಿ ಶ್ವೇತಾಂಬರ ಸಮಾಜ ಈ ತತ್ತ್ವವನ್ನು ಗೃಹಸ್ಥರಿಗೂ ಅನ್ವಯಿಸಿದೆ. ಸುಮಾರು ಮೂರೂವರೆ ಸಾವಿರ ಮೆಟ್ಟಿಲುಗಳ ಆ ಮಹಾತೀರ್ಥದ ಗಿರಿಯಾತ್ರೆ ಚಾತುರ್ಮಾಸ್ಯದ ನಾಲ್ಕು ತಿಂಗಳು ನಿಲ್ಲುತ್ತದೆ. ಕಾರ್ತಿಕ ಪೂರ್ಣಿಮೆಯಂದು ಮತ್ತೆ ಆರಂಭವಾಗುವಾಗ ಸಹಸ್ರಾರು ಜನ ಬೆಟ್ಟವೇರುತ್ತಾರೆ. ಕರ್ಣಾಟಕದ ಕ್ಷೇತ್ರಗಳಲ್ಲಿ ಅಂಥ ನಿರ್ಬಂಧವಿಲ್ಲ. ಶ್ರಾವಕನ ವಿವೇಕಕ್ಕೆ ಬಿಟ್ಟಿದೆ. ನಿರ್ಬಂಧವಿಲ್ಲದೆಡೆಯಲ್ಲಿ ವಿವೇಕದ ಹೊಣೆ ಹೆಚ್ಚು.

ಇನ್ನು ಎರಡನೆಯದಾಗಿ, ಪ್ರಕೃತಿಯ ವಿಚಾರ. ಮಳೆಗಾಲವೆಂದರೆ ಆಷಾಢ-ಶ್ರಾವಣಗಳು, ಗೌರಿ-ಗಣೇಶನ ಹಬ್ಬ ಕಳೆದರೆ ಮಳೆ ಮುಗಿಯಿತು ಎಂಬ ಭಾವನೆ ಸಾಮಾನ್ಯವಾಗಿದೆ. ಮಲೆನಾಡು, ಕರಾವಳಿಗಳ ಮಟ್ಟಿಗೆ ಅದು ಬಹುಪಾಲು ಸರಿ. ವರ್ಷಕ್ಕೆ 400 ಸೆಂಟಿಮೀಟರಿಗೂ ಮಿಗಿಲಾಗಿ ಮಳೆ ಬೀಳುವ ಕಾರ್ಕಳದ ಕಡೆ ಜೂನ್, ಜುಲೈ, ಆಗಸ್ಟ್ ತಿಂಗಳುಗಳೇ ಮಹಾವೃಷ್ಟಿಯ ಕಾಲ. ಮೈಸೂರು ಸೀಮೆಯ ರೀತಿ ಬೇರೆ. ಇಲ್ಲಿ ವರ್ಷಕ್ಕೆ ಬೀಳುವ ಮಳೆ ಸರಾಸರಿ 80 ಸೆಂಟಿಮೀಟರಿನ ಆಸುಪಾಸು. ಅದರ ಆರ್ಭಟ ಎರಡು ಬಾರಿ ಕಾಣಿಸುತ್ತದೆ: ಒಮ್ಮೆ ಮೇ ತಿಂಗಳ ಗುಡುಗು-ಸಿಡಿಲಿನ ಮಳೆಯಾಗಿ, ಮತ್ತೊಮ್ಮೆ ಸೆಪ್ಟೆಂಬರ್-ಅಕ್ಟೋಬರ್ ತಿಂಗಳುಗಳಲ್ಲಿ ಹಿಂಗಾರಿನ ಮುನ್ನ ಮತ್ತು ಅದರ ಆರಂಭದಲ್ಲಿ. ನಡುವಣ ಆಷಾಢ-ಶ್ರಾವಣಗಳಲ್ಲಿ ಗಾಳಿ ಜೋರು, ಮೋಡ ಹೆಚ್ಚು, ಮಳೆ ಬಹುತೇಕ ತುಂತುರು. ಜಂಬೂಸವಾರಿಯ ದಿನ ಆಕಾಶದತ್ತ ನೋಡುವ ಅಭ್ಯಾಸ ಮೈಸೂರಿನವರಿಗೆ ಬಂದಿರುವುದು ಇದೇ ಕಾರಣದಿಂದ. ಆದ್ದರಿಂದ ದಸರೆಯ ರಜೆ ಗಿರಿಯಾತ್ರೆಗೆ ಒದಗುವ ಕಾಲವೆಂದು ಮೇಲುನೋಟಕ್ಕೆ ತೋರಿದರೂ ವಸ್ತುತಃ ಅದು ವರ್ಷದಲ್ಲಿ ಅತಿ ಹೆಚ್ಚು ಮಳೆಯ ಕಾಲಕ್ಕೆ ಸೇರಿದುದು. ರೈತರ ಲೆಕ್ಕದಲ್ಲಿ ಹೇಳುವುದಾದರೆ ಸ್ವಾತಿ, ವಿಶಾಖೆಗಳ ಮಳೆ ಕಳೆದ ಮೇಲೆಯೇ, ಅಂದರೆ ನವೆಂಬರ್ ಮಧ್ಯಭಾಗದ ನಂತರವೇ, ಈ ಸೀಮೆಯ ಬೆಟ್ಟಗಳು ಒಣಗುತ್ತವೆ.

ಮಳೆಯ ದಿನಗಳಲ್ಲಿ ಬೆಟ್ಟಕ್ಕೆ ಸೌಂದರ್ಯವಿಲ್ಲವೆಂದು ಯಾರೂ ಹೇಳಲಾರರು. ದೊಣೆಗಳು ತುಂಬಿ ತುಳುಕುತ್ತವೆ. ಬಂಡೆಯ ಸಂದುಗಳಲ್ಲಿ ಹೂ ಅರಳುತ್ತವೆ. ಸುತ್ತಣ ಕೆರೆಗಳು ಕನ್ನಡಿಯಂತೆ ಹೊಳೆಯುತ್ತವೆ. ಗೊಮ್ಮಟಗಿರಿಯ ನೆತ್ತಿಯಿಂದ ಹಸುರು ಹೊಲಗಳನ್ನು ಕಂಡವರು ಆ ನೋಟವನ್ನು ಮರೆಯಲಾರರು. ಆದರೆ ಆ ಹಸುರಿನ ಬಹುಭಾಗ ಕಾಲಡಿಯಲ್ಲಿಯೇ ಇದೆ. ಕರಿಕಲ್ಲಿನ ಮೇಲೆ ಮಳೆಗಾಲದಲ್ಲಿ ಹಬ್ಬುವ ಪಾಚಿ ನೋಡುವವರಿಗೆ ಬರಿಯ ಬಣ್ಣ, ಜೈನದೃಷ್ಟಿಗೆ ಅನಂತ ಏಕೇಂದ್ರಿಯ ಜೀವಗಳ ನೆಲೆ. ಅದರ ಮೇಲೆ ಕಾಲಿಟ್ಟವನು ಜೀವಹಿಂಸೆಗೂ ಗುರಿಯಾಗುತ್ತಾನೆ, ಜಾರಿ ಬೀಳುವ ಅಪಾಯಕ್ಕೂ ಗುರಿಯಾಗುತ್ತಾನೆ. ಪರಜೀವದ ರಕ್ಷಣೆಯೂ ಸ್ವದೇಹದ ರಕ್ಷಣೆಯೂ ಒಂದೇ ಹೆಜ್ಜೆಯಲ್ಲಿ ಕೂಡಿರುವುದಕ್ಕೆ ಇದಕ್ಕಿಂತ ಸರಳವಾದ ನಿದರ್ಶನ ಬೇಕಿಲ್ಲ.

ಬೇಸಗೆಯ ಕಷ್ಟ ಬೇರೆ ರೀತಿಯದು. ಮಾರ್ಚ್, ಏಪ್ರಿಲ್ ತಿಂಗಳುಗಳಲ್ಲಿ ಮೈಸೂರಿನ ಹಗಲಿನ ಉಷ್ಣತೆ 34-35 ಡಿಗ್ರಿಗಳವರೆಗೆ ಏರುತ್ತದೆ. ಇದು ನೆರಳಿನಲ್ಲಿ ಅಳೆದ ಗಾಳಿಯ ಉಷ್ಣತೆ. ಬಿಸಿಲಿಗೆ ಮೈಯೊಡ್ಡಿದ ಬಂಡೆ ಅದಕ್ಕಿಂತ ಎಷ್ಟೋ ಹೆಚ್ಚಾಗಿ ಕಾಯುತ್ತದೆ, ಮತ್ತು ಸೂರ್ಯ ಇಳಿದ ಮೇಲೂ ಬಹಳ ಹೊತ್ತು ಶಾಖವನ್ನು ಬಿಡುವುದಿಲ್ಲ. ಜಿನಕ್ಷೇತ್ರದ ಬೆಟ್ಟವನ್ನು ಬರಿಗಾಲಿನಲ್ಲಿ ಏರುವುದು ಪದ್ಧತಿ. ವಿಂಧ್ಯಗಿರಿಯಲ್ಲಿ ಬಂಡೆಯನ್ನೇ ಕಡಿದು ಮಾಡಿದ ಮೆಟ್ಟಿಲುಗಳು ಸುಮಾರು 650. ಮಧ್ಯಾಹ್ನದ ಹೊತ್ತಿಗೆ ಅವುಗಳನ್ನು ಇಳಿಯುವವರ ಕಣ್ಣು ಬಾಹುಬಲಿಯ ಶಾಂತಮುದ್ರೆಯನ್ನು ಮರೆತು ಮುಂದಿನ ನೆರಳನ್ನು ಹುಡುಕುತ್ತಿರುತ್ತದೆ. ಉಪವಾಸವಿದ್ದು ಹತ್ತುವ ವೃದ್ಧರಿಗೂ, ಕಾಯಿಸಿ ಆರಿಸಿದ ನೀರನ್ನಲ್ಲದೆ ಬೇರೆ ನೀರನ್ನು ಮುಟ್ಟದ ವ್ರತಿಗಳಿಗೂ ಆ ಬಿಸಿಲು ಅಪಾಯಕಾರಿ. ಏಪ್ರಿಲ್-ಮೇ ತಿಂಗಳುಗಳ ಮಧ್ಯಾಹ್ನ ಕಳೆದ ಮೇಲೆ ಹಠಾತ್ತನೆ ಮೋಡ ಕವಿದು ಸಿಡಿಲು ಬಡಿಯುವ ಸಂಭವವೂ ಉಂಟು. ಮರವಿಲ್ಲದ, ಸುತ್ತಣ ಬಯಲಿಗಿಂತ ಎತ್ತರವಾದ ಬೋಳುಬಂಡೆಯ ಮೇಲೆ ಸಿಡಿಲಿನ ಹೊತ್ತಿನಲ್ಲಿ ನಿಲ್ಲುವುದು ಎಂದಿಗೂ ಸಲ್ಲದು.

ಹೀಗೆ ವರ್ಷಋತುವನ್ನೂ ಗ್ರೀಷ್ಮವನ್ನೂ ಬದಿಗಿಟ್ಟರೆ ಉಳಿಯುವುದು ಹೇಮಂತ ಮತ್ತು ಶಿಶಿರ. ವಿಸ್ಮಯದ ಸಂಗತಿಯೆಂದರೆ, ಜೈನ ಪಂಚಾಂಗವೇ ಈ ಅವಧಿಗೆ ಎರಡು ಬಾಗಿಲುಗಳನ್ನು ಇಟ್ಟಂತಿದೆ. ಕಾರ್ತಿಕ, ಫಾಲ್ಗುಣ ಮತ್ತು ಆಷಾಢ ಮಾಸಗಳ ಶುದ್ಧ ಅಷ್ಟಮಿಯಿಂದ ಪೂರ್ಣಿಮೆಯವರೆಗೆ ಅಷ್ಟಾಹ್ನಿಕ ಪರ್ವ. ಚಾತುರ್ಮಾಸ್ಯ ಮುಗಿದು ಒಂದು ವಾರ ಕಳೆಯುವಷ್ಟರಲ್ಲಿ ಕಾರ್ತಿಕದ ಅಷ್ಟಾಹ್ನಿಕ ಬರುತ್ತದೆ. ಬೇಸಗೆ ಬಲಿಯುವ ಮುನ್ನ ಫಾಲ್ಗುಣದ ಅಷ್ಟಾಹ್ನಿಕ ಬರುತ್ತದೆ. ಕಾರ್ತಿಕದ ಅಷ್ಟಾಹ್ನಿಕದಿಂದ ಫಾಲ್ಗುಣದ ಅಷ್ಟಾಹ್ನಿಕದವರೆಗಿನ ನಾಲ್ಕು ತಿಂಗಳು ಗಿರಿಯಾತ್ರೆಗೆ ಪ್ರಶಸ್ತ. ಅವುಗಳಲ್ಲಿಯೂ ಮಾರ್ಗಶಿರದ ಆರಂಭದಿಂದ ಮಾಘದ ಅಂತ್ಯದವರೆಗಿನ ಕಾಲ ಪ್ರಶಸ್ತತರ.

ಹಿರಿಯರ ಅನುಭವವೂ ಇದನ್ನೇ ಸಮರ್ಥಿಸುತ್ತದೆ. ಶ್ರವಣಬೆಳಗೊಳದಲ್ಲಿ 1910 ರಿಂದೀಚೆಗೆ ನಡೆದ ಮಹಾಮಸ್ತಕಾಭಿಷೇಕಗಳನ್ನು ಗಮನಿಸಬಹುದು. 1910, 1925, 1953 ಮತ್ತು 1967 ರವು ಮಾರ್ಚ್ ತಿಂಗಳಲ್ಲಿ. 1940, 1981, 2006 ಮತ್ತು 2018 ರವು ಫೆಬ್ರವರಿಯಲ್ಲಿ. 1993 ರದು ಡಿಸೆಂಬರಿನಲ್ಲಿ. ಒಂದೂ ಮಳೆಗಾಲದಲ್ಲಿ ಬಿದ್ದಿಲ್ಲ. ಕರಾವಳಿಯಲ್ಲಿಯೂ ಅದೇ ಕ್ರಮ: ಕಾರ್ಕಳದ ಬಾಹುಬಲಿಗೆ 2015 ರ ಜನವರಿಯಲ್ಲಿ, ಧರ್ಮಸ್ಥಳದಲ್ಲಿ 2019 ರ ಫೆಬ್ರವರಿಯಲ್ಲಿ, ವೇಣೂರಿನಲ್ಲಿ 2024 ರ ಫೆಬ್ರವರಿ ಕೊನೆಯಲ್ಲಿ ಅಭಿಷೇಕ ನೆರವೇರಿತು. ಮುಹೂರ್ತವನ್ನು ಗ್ರಹಗತಿಯನ್ನು ನೋಡಿ ನಿಶ್ಚಯಿಸುವುದು ವಾಡಿಕೆಯಾದರೂ, ಮುಹೂರ್ತಗಳೆಲ್ಲ ಒಣಗಾಲದೊಳಗೇ ಬಂದಿರುವುದು ಹಿರಿಯರ ಲೋಕಜ್ಞಾನಕ್ಕೆ ಸಾಕ್ಷಿ. ಲಕ್ಷಾಂತರ ಜನ ಸೇರುವೆಡೆಯಲ್ಲಿ ಮಳೆಯೂ ಬಿಸಿಲೂ ಉಪೇಕ್ಷಿಸುವಂಥವಲ್ಲ.

ಇಲ್ಲಿ ಒಂದು ಆಕ್ಷೇಪ ಬರಬಹುದು. ಬಾಹುಬಲಿಸ್ವಾಮಿ ಋತುವನ್ನು ಆರಿಸಿಕೊಂಡು ತಪಸ್ಸಿಗೆ ನಿಂತವನಲ್ಲ. ಒಂದು ವರ್ಷ ಕಾಲ ಪ್ರತಿಮಾಯೋಗದಲ್ಲಿ ನಿಂತ ಆತನ ಮೇಲೆ ಆರೂ ಋತುಗಳು ಹಾದುಹೋದವು. ಮಳೆ ಸುರಿಯಿತು, ಬಿಸಿಲು ಕಾಯಿತು, ಚಳಿ ಕೊರೆಯಿತು. ಪಾದದ ಬಳಿ ಹುತ್ತ ಬೆಳೆಯಿತು, ತೋಳಿಗೆ ಮಾಧವೀಲತೆ ಹಬ್ಬಿತು. ಅಂಥವನ ದರ್ಶನಕ್ಕೆ ಹೋಗುವವರು ಹದವಾದ ಹವೆಯನ್ನು ಹುಡುಕುವುದು ದೌರ್ಬಲ್ಯವಲ್ಲವೆ? ಆಕ್ಷೇಪ ತೂಕದ್ದೇ. ಆದರೆ ಬಾಹುಬಲಿ ನಿಂತಿದ್ದ, ಯಾತ್ರಿಕ ನಡೆಯುತ್ತಾನೆ. ನಿಂತವನ ಮೈಮೇಲೆ ಬಳ್ಳಿ ಹಬ್ಬಿತು, ಹಾವು ಹರಿಯಿತು. ಅವನಿಂದ ಒಂದು ಇರುವೆಗೂ ನೋವಾಗಲಿಲ್ಲ. ನಡೆಯುವವನ ಕಾಲಡಿಯಲ್ಲಿ ಅದೇ ಬಳ್ಳಿ ಮುರಿಯುತ್ತದೆ, ಅದೇ ಇರುವೆ ಸಾಯುತ್ತದೆ. ಋತುವಿಗೆ ಅಂಜದಿರುವುದು ಆತನ ತಪಸ್ಸಾದರೆ, ಋತುವನ್ನರಿತು ನಡೆಯುವುದು ಗೃಹಸ್ಥನ ವ್ರತ. ಎರಡರ ಮೂಲವೂ ಅಹಿಂಸೆಯೇ.

ಮೂರನೆಯದಾಗಿ, ಕ್ಷೇತ್ರದ ದೃಷ್ಟಿಯಿಂದ ಆಲೋಚಿಸಬೇಕಾಗಿದೆ. ಸಾಮಾನ್ಯವಾಗಿ ಯಾತ್ರಿಕನಿಗೆ ಯಾವ ಕಾಲ ಹಿತವೆಂದು ಕೇಳುತ್ತಾರೆ. ಬೆಟ್ಟಕ್ಕೆ ಯಾವ ಕಾಲ ಹಿತವೆಂದು ಕೇಳುವವರು ವಿರಳ.

ಚಂದ್ರಗಿರಿಯನ್ನೇ ನೋಡೋಣ. ಚಿಕ್ಕಬೆಟ್ಟವೆಂದು ಕರೆಸಿಕೊಳ್ಳುವ ಈ ಗಿರಿ ಊರಿನ ನೆಲಮಟ್ಟದಿಂದ ಇನ್ನೂರು ಅಡಿಗೂ ಕಡಮೆ ಎತ್ತರ. ಭದ್ರಬಾಹು ಮುನಿಗಳೂ ಚಂದ್ರಗುಪ್ತನೂ ಸಮಾಧಿ ಹೊಂದಿದರೆಂದು ಪರಂಪರೆ ನಂಬುವ ಪವಿತ್ರಸ್ಥಳವಿದು. ಕ್ರಿ.ಶ. 600 ರ ಸುಮಾರಿನ ಶಾಸನದಿಂದ ಮೊದಲ್ಗೊಂಡು ಇಲ್ಲಿನ ಬಂಡೆಗಳು ಬರೆಹದಿಂದ ತುಂಬಿವೆ. ಶ್ರವಣಬೆಳಗೊಳದ ಶಾಸನಗಳನ್ನು ಬಿ. ಎಲ್. ರೈಸ್ ಅವರು 1889 ರಲ್ಲಿ ಮೊದಲು ಪ್ರಕಟಿಸಿದಾಗ ಅವುಗಳ ಸಂಖ್ಯೆ 144. ಆರ್. ನರಸಿಂಹಾಚಾರ್ಯರು 1923 ರಲ್ಲಿ 500 ಶಾಸನಗಳನ್ನು ಹೊರತಂದರು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ 1973 ರಲ್ಲಿ ಪರಿಷ್ಕರಿಸಿದ ಸಂಪುಟದಲ್ಲಿ ಅವು 573 ಆದವು. ಅವುಗಳಲ್ಲಿ 271 ಚಿಕ್ಕಬೆಟ್ಟದಲ್ಲಿಯೇ ಇವೆ. ಬಹುಪಾಲು ಪ್ರಾಚೀನ ಲಿಪಿಗಳು ಗೋಡೆಯ ಮೇಲಲ್ಲ, ಕಾಲಿಡುವ ಬಂಡೆಯ ಮೇಲೆಯೇ ಕೊರೆಯಲ್ಪಟ್ಟಿವೆ. ಸಲ್ಲೇಖನದಿಂದ ದೇಹತ್ಯಾಗ ಮಾಡಿದ ಮುನಿಗಳ, ಕಂತಿಯರ, ಶ್ರಾವಕ-ಶ್ರಾವಿಕೆಯರ ಹೆಸರುಗಳು ಅಲ್ಲಿವೆ.

ಪ್ರಾಕಾರದ ಹೊರಗೆ ಲಕ್ಕಿದೊಣೆ ಎಂಬ ನೀರಿನ ದೊಣೆಯೊಂದಿದೆ. ಲಕ್ಕಿ ಎಂಬ ಹೆಣ್ಣುಮಗಳು ಅದನ್ನು ಮಾಡಿಸಿದಳೆಂಬುದು ಹೆಸರಿನಿಂದಲೇ ತಿಳಿಯುತ್ತದೆ. ಅದರ ಬದಿಯ ಬಂಡೆಯ ಮೇಲೆ ಸುಮಾರು ಮೂವತ್ತು ಕಿರುಶಾಸನಗಳು. ಬಹುತೇಕ ಯಾತ್ರೆಗೆ ಬಂದವರ ಹೆಸರುಗಳು. ಗುರುಗಳು, ಕವಿಗಳು, ಅಧಿಕಾರಿಗಳು ಇಲ್ಲಿ ಬಂದು ಕುಳಿತು ದಣಿವಾರಿಸಿಕೊಂಡರು, ಹೆಸರು ಕೊರೆಯಿಸಿದರು, ಹೊರಟುಹೋದರು. ಚಿಕ್ಕಬೆಟ್ಟದ ಬಂಡೆಯ ಮೇಲೆಯೇ ಕವಿ ರನ್ನನ ಹೆಸರೂ ಚಾವುಂಡರಾಯನ ಹೆಸರೂ ಕಾಣಸಿಗುತ್ತವೆ. ಸಾವಿರ ವರ್ಷಗಳ ಹಿಂದಿನ ಆ ಯಾತ್ರಿಕರ ಅಕ್ಷರಗಳ ಮೇಲೆ ಇಂದಿನ ಯಾತ್ರಿಕನ ಪಾದ ಬೀಳದಿರಲೆಂದು ಮುಖ್ಯವಾದ ಕೆಲವು ಶಾಸನಗಳಿಗೆ ರಕ್ಷಣೆ ಒದಗಿಸಲಾಗಿದೆ. ಉಳಿದವುಗಳಿಗೆ ಯಾತ್ರಿಕನ ಎಚ್ಚರವೇ ರಕ್ಷಣೆ. ಮಳೆಯ ನೀರು ನಿಂತ ಬಂಡೆಯಲ್ಲಿ, ಪಾಚಿ ಮುಚ್ಚಿದ ಬಂಡೆಯಲ್ಲಿ, ಅಕ್ಷರ ಎಲ್ಲಿದೆಯೆಂದೇ ತಿಳಿಯುವುದಿಲ್ಲ. ಹೇಮಂತದ ಬೆಳಗಿನಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿ ಕಿರಣಗಳು ಓರೆಯಾಗಿ ಬೀಳುವಾಗ ಸವೆದ ಗೆರೆಗಳೂ ನೆರಳು ತುಂಬಿಕೊಂಡು ಎದ್ದು ಕಾಣುತ್ತವೆ. ಚಂದ್ರಗುಪ್ತ ಬಸದಿಯ ಜಾಲಂಧ್ರಗಳಲ್ಲಿ ದಾಸೋಜನು ಕೊರೆದಿರುವ ಪುಟ್ಟ ಪುಟ್ಟ ಚಿತ್ರಗಳಿಗೂ ಓರೆಬೆಳಕೇ ಬೇಕು. ನೋಡಲು ಬಂದವನಿಗೆ ಕಾಣಬೇಕಾದುದು ಕಾಣುವ ಕಾಲ ಅದು. ತುಳಿಯಬಾರದುದು ತಪ್ಪಿಸಿಕೊಳ್ಳುವ ಕಾಲವೂ ಅದೇ.

ಆರೆತಿಪ್ಪೂರಿನ ಸ್ಥಿತಿ ಇನ್ನೂ ಸೂಕ್ಷ್ಮವಾದುದು. ಶ್ರವಣಬೆಳಗೊಳದ ವೈಭವ ಅಲ್ಲಿಲ್ಲ. ಬಂಡೆಗಳಲ್ಲಿ ಕೊರೆದ ಜಿನಬಿಂಬಗಳು, ಬಯಲಿನಲ್ಲಿ ನಿಂತ ಬಾಹುಬಲಿ, ಈಚಿನ ವರ್ಷಗಳಲ್ಲಿ ಪುರಾತತ್ತ್ವ ಇಲಾಖೆಯ ಉತ್ಖನನದಿಂದ ಹೊರಬಂದ ಬಸದಿಗಳ ತಳಪಾಯಗಳು ಅಲ್ಲಿನ ಸಂಪತ್ತು. ಶತಮಾನಗಳ ಕಾಲ ಮಣ್ಣಿನಡಿಯಲ್ಲಿ ಮುಚ್ಚಿದ್ದ ಇಟ್ಟಿಗೆ-ಕಲ್ಲುಗಳಿಗೆ ಮಣ್ಣೇ ರಕ್ಷೆಯಾಗಿತ್ತು. ತೆರೆದ ಮೇಲೆ ಮಳೆಗೂ ಕಾಲ್ತುಳಿತಕ್ಕೂ ಅವು ಮೈಯೊಡ್ಡಬೇಕಾಗುತ್ತದೆ. ನೆಲ ನೆನೆದು ಮೆತ್ತಗಿರುವಾಗ ತಳಪಾಯದ ಅಂಚಿನಲ್ಲಿ ನಾಲ್ಕು ಜನ ನಿಂತರೂ ಕಲ್ಲು ಸಡಿಲವಾಗಬಹುದು. ಒಣನೆಲದಲ್ಲಿ ಆ ಭಯ ಕಡಮೆ. ಪಾಳುಬಿದ್ದ ಬಸದಿಯೆಂದರೆ ರೋಗಿಯಂತೆ. ಅದನ್ನು ನೋಡಲು ಹೋಗುವವರು ರೋಗಿಗೆ ಹಿತವಾದ ಹೊತ್ತನ್ನು ವಿಚಾರಿಸಿ ಹೋಗುವುದು ಸಭ್ಯತೆ.

ಹೇಮಂತದ ಯಾತ್ರೆಯಿಂದ ಮತ್ತೊಂದು ಉಪಕಾರವುಂಟು. ಹಳೆಯ ಕಟ್ಟಡದ ದೊಡ್ಡ ಶತ್ರು ಸಿಡಿಲಲ್ಲ, ಸಸಿ. ಹಕ್ಕಿ ತಂದಿಕ್ಕಿದ ಅರಳಿಯ ಬೀಜವೊಂದು ಮಳೆಗಾಲದಲ್ಲಿ ಕಲ್ಲುಸಂದಿನಲ್ಲಿ ಮೊಳೆತು, ಕೆಲವೇ ವರ್ಷಗಳಲ್ಲಿ ಬೇರು ಬಿಟ್ಟು ಚಪ್ಪಡಿಯನ್ನೇ ಎತ್ತಿಬಿಡುತ್ತದೆ. ಮಳೆ ನಿಂತ ಒಡನೆಯೇ ಹೋದವರಿಗೆ ಆ ವರ್ಷದ ಸಸಿ ಎಲ್ಲಿದೆ, ಛಾವಣಿ ಎಲ್ಲಿ ಸೋರಿದೆ, ಗೋಡೆಯಲ್ಲಿ ತೇವದ ಕಲೆ ಎಲ್ಲಿಯವರೆಗೆ ಏರಿದೆ ಎಂಬುದೆಲ್ಲ ಕಣ್ಣಿಗೆ ಬೀಳುತ್ತದೆ. ಸಂರಕ್ಷಿತ ಸ್ಮಾರಕಗಳಲ್ಲಿ ಯಾತ್ರಿಕರು ತಾವೇ ಕೈಹಾಕುವುದು ಸಲ್ಲದು; 1958 ರ ಪ್ರಾಚೀನ ಸ್ಮಾರಕಗಳ ಕಾಯಿದೆ ಅದಕ್ಕೆ ಅವಕಾಶ ಕೊಡುವುದಿಲ್ಲ. ಆದರೆ ಕಂಡುದನ್ನು ಬರೆದು ತಿಳಿಸುವುದಕ್ಕೆ ಯಾವ ಅಡ್ಡಿಯೂ ಇಲ್ಲ. ಸ್ಮಾರಕದ ಸುತ್ತ 100 ಮೀಟರುಗಳವರೆಗೆ ನಿರ್ಮಾಣ ಕಾರ್ಯ ನಿಷಿದ್ಧವೆಂದೂ, ಅದರಾಚೆ 200 ಮೀಟರುಗಳವರೆಗೆ ನಿಯಂತ್ರಿತವೆಂದೂ ಕಾಯಿದೆಯ 2010 ರ ತಿದ್ದುಪಡಿ ಹೇಳುತ್ತದೆ. ಆ ಎಲ್ಲೆಯೊಳಗೆ ಏನಾದರೂ ತಲೆಯೆತ್ತಿದರೆ ಮೊದಲು ಕಾಣಬೇಕಾದುದು ಭಕ್ತರ ಕಣ್ಣಿಗೇ. ಯಾರೂ ಹೋಗದ ಬೆಟ್ಟಕ್ಕೆ ಕಾವಲಿಲ್ಲ.

ಈ ಮಾತು ಬಹಳ ಗಂಭೀರವಾದುದು. ಮಸ್ತಕಾಭಿಷೇಕದ ದಿನ, ಜಾತ್ರೆಯ ದಿನ, ಬೆಟ್ಟದ ಮೇಲೆ ಕಾಲಿಡಲು ಸ್ಥಳವಿರುವುದಿಲ್ಲ. ಉಳಿದ ದಿನಗಳಲ್ಲಿ ಅರ್ಚಕರ ಹೊರತು ಮನುಷ್ಯರಿರುವುದಿಲ್ಲ. ಗೊಮ್ಮಟಗಿರಿಯೂ ಒಂದು ಕಾಲದಲ್ಲಿ ಹೀಗೆ ಜನವಿಸ್ಮೃತವಾಗಿತ್ತು. ಸುಮಾರು 18 ಅಡಿಯ ಸುಂದರ ಬಾಹುಬಲಿ ಮೂರ್ತಿ ಶ್ರವಣಗುಡ್ಡದ ಮೇಲೆ ಗಾಳಿಮಳೆಗಳ ಪಾಲಾಗಿ ನಿಂತಿತ್ತು. ಕಳೆದ ಶತಮಾನದ ಮಧ್ಯಭಾಗದಲ್ಲಿ ಮೈಸೂರಿನ ಶ್ರಾವಕರು ಆ ಕಡೆ ಗಮನ ಹರಿಸಿದ ಮೇಲೆ ಅಲ್ಲಿ ಪೂಜೆ, ವಾರ್ಷಿಕ ಅಭಿಷೇಕಗಳು ನೆಲೆಗೊಂಡವು. ಒಂದು ಊರಿನ ಜನ ಮನಸ್ಸು ಮಾಡಿದರೆ ಒಂದು ಬೆಟ್ಟ ಮರಳಿ ಕ್ಷೇತ್ರವಾಗುತ್ತದೆ ಎಂಬುದಕ್ಕೆ ದೂರದ ನಿದರ್ಶನವನ್ನು ಹುಡುಕಬೇಕಾಗಿಲ್ಲ.

ಮಲೆಯೂರಿನ ಕನಕಗಿರಿಯೂ ಸ್ಮರಣೀಯ. ಪೂಜ್ಯಪಾದಾಚಾರ್ಯರ ನೆನಪನ್ನು ಪರಂಪರೆ ಈ ಗಿರಿಯೊಡನೆ ಬೆಸೆದಿದೆ. ರಾಜಾವಳೀ ಕಥೆಯನ್ನು ಬರೆದ ದೇವಚಂದ್ರ ಇದೇ ಮಲೆಯೂರಿನವನು. ಮೈಸೂರು ಸೀಮೆಯನ್ನು ಸರ್ವೆ ಮಾಡಿದ ಕರ್ನಲ್ ಮೆಕೆಂಜಿಗೆ ಕಳೆದ ಕಾಲದ ವೃತ್ತಾಂತಗಳನ್ನು ಒದಗಿಸಿದ ಆ ಪಂಡಿತನು ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ತನ್ನ ಗ್ರಂಥವನ್ನು ಮುಗಿಸಿದನು. ಬೆಟ್ಟದ ತಪ್ಪಲಿನಲ್ಲಿ ಹುಟ್ಟಿದವನೊಬ್ಬನಿಗೆ ಇಡೀ ನಾಡಿನ ಜೈನ ಇತಿಹಾಸವನ್ನು ಬರೆಯಬೇಕೆನಿಸಿತಲ್ಲ, ಆ ಪ್ರೇರಣೆಯಲ್ಲಿ ದಿನವೂ ಕಣ್ಣೆದುರು ನಿಂತಿದ್ದ ಗಿರಿಯ ಪಾಲು ಸಣ್ಣದಾಗಿರಲಾರದು. ಇಂದಿನ ಮಕ್ಕಳಿಗೂ ಅಂಥ ದರ್ಶನ ಒದಗಬೇಡವೆ?

ಆದ್ದರಿಂದ ಆಚರಣೆಗೆ ತರಬಹುದಾದ ಕೆಲವು ಮಾತುಗಳು ಇಲ್ಲಿ ಉಚಿತ. ಡಿಸೆಂಬರ್ ಮತ್ತು ಜನವರಿ ತಿಂಗಳ ಭಾನುವಾರಗಳು, ಸಂಕ್ರಾಂತಿಯ ಸುತ್ತಣ ದಿನಗಳು ಶಾಲೆಗೆ ಹೋಗುವ ಮಕ್ಕಳಿಗೂ ಕಛೇರಿಗೆ ಹೋಗುವ ಹಿರಿಯರಿಗೂ ಒದಗುತ್ತವೆ. ದೀರ್ಘವಾದ ರಜೆಯನ್ನೇ ಕಾಯಬೇಕಾಗಿಲ್ಲ. ಆ ದಿನಗಳಲ್ಲಿ ಹಗಲು ಹನ್ನೊಂದೂವರೆ ಗಂಟೆಗಳಷ್ಟೇ. ಸೂರ್ಯೋದಯ ಆರೂವರೆಯ ನಂತರ, ಸೂರ್ಯಾಸ್ತ ಆರು ಗಂಟೆಯ ಸುಮಾರಿಗೆ. ರಾತ್ರಿಭೋಜನ ತ್ಯಾಗವುಳ್ಳವರು ಸಂಜೆಯ ಆಹಾರವನ್ನು ದಾರಿಯಲ್ಲಿಯೇ ಮುಗಿಸುವ ವ್ಯವಸ್ಥೆ ಮಾಡಿಕೊಂಡು ಹೊರಡಬೇಕು. ಕಾಯಿಸಿದ ನೀರನ್ನು ಮನೆಯಿಂದಲೇ ಒಯ್ಯಬೇಕು. ಉಬ್ಬಸದ ತೊಂದರೆಯಿರುವ ವೃದ್ಧರು ಮಂಜು ಕರಗಿ ಬಿಸಿಲು ಮೂಡಿದ ಮೇಲೆ ಹತ್ತುವುದು ಲೇಸು. ಮೊದಲ ಯಾತ್ರೆಗೆ ಚಂದ್ರಗಿರಿಯೂ ನೂರರೊಳಗಿನ ಮೆಟ್ಟಿಲುಗಳ ಗೊಮ್ಮಟಗಿರಿಯೂ ಮುದುಕರಿಗೂ ಮಕ್ಕಳಿಗೂ ಸುಲಭ. ವಿಂಧ್ಯಗಿರಿಯಲ್ಲಿ ಏರಲಾರದವರಿಗೆ ಡೋಲಿಯ ಅನುಕೂಲವಿದೆ.

ಬೇಸಗೆಯ ರಜೆಯ ಹೊರತು ಬೇರೆ ಕಾಲವೇ ದೊರೆಯದವರು ಏನು ಮಾಡಬೇಕು? ಅವರು ಯಾತ್ರೆಯನ್ನು ಕೈಬಿಡಬೇಕಾಗಿಲ್ಲ. ಹಿಂದಿನ ಸಂಜೆಯೇ ಕ್ಷೇತ್ರವನ್ನು ಸೇರಿ, ಬೆಳಕು ಹರಿದು ನೆಲ ಕಾಣುವ ಹೊತ್ತಿಗೆ ಹತ್ತಲಾರಂಭಿಸಿ, ಹತ್ತು ಗಂಟೆಯೊಳಗೆ ಇಳಿದುಬಿಡಬೇಕು. ಮಧ್ಯಾಹ್ನದ ಬಿಸಿಲಿಗೂ ಸಂಜೆಯ ಸಿಡಿಲಿಗೂ ಸಿಕ್ಕಬಾರದು. ಮಳೆಗಾಲದಲ್ಲಿ ಮನಸ್ಸು ಬೆಟ್ಟದ ಕಡೆಗೆ ಎಳೆದರೆ ಊರಿನ ಬಸದಿಯಲ್ಲಿಯೇ ಕುಳಿತು, ಚಾತುರ್ಮಾಸ್ಯಕ್ಕೆ ನಿಂತ ಮುನಿಗಳಿದ್ದರೆ ಅವರ ಪ್ರವಚನವನ್ನು ಕೇಳಿ, ಭಾದ್ರಪದದ ದಶಲಕ್ಷಣ ಪರ್ವವನ್ನು ಆಚರಿಸಬಹುದು. ನಾಲ್ಕು ತಿಂಗಳು ಸ್ವಾಧ್ಯಾಯ, ಅನಂತರ ಯಾತ್ರೆ: ಈ ಕ್ರಮದಲ್ಲಿ ಎಷ್ಟು ಔಚಿತ್ಯವಿದೆ! ಓದಿಕೊಂಡು ಹೋದವನಿಗೆ ಬಂಡೆ ಮಾತನಾಡುತ್ತದೆ. ಓದದೆ ಹೋದವನಿಗೆ ಅದು ಬರಿಯ ಬಂಡೆ.

ಹನ್ನೆರಡನೆಯ ಶತಮಾನದಲ್ಲಿ ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜನು ಗೊಮ್ಮಟೇಶ್ವರನ ಸುತ್ತಾಲಯವನ್ನು ಕಟ್ಟಿಸಿದನು. ಗಂಗವಾಡಿ ತೊಂಬತ್ತಾರು ಸಾವಿರದ ಜೀರ್ಣ ಬಸದಿಗಳನ್ನೆಲ್ಲ ಉದ್ಧಾರ ಮಾಡಿದನೆಂದು ಶಾಸನಗಳು ಅವನನ್ನು ಕೊಂಡಾಡುತ್ತವೆ. ಯುದ್ಧಗಳಲ್ಲಿ ಗೆದ್ದ ವೀರನಿಗೆ ಶಾಸನಕವಿಗಳು ಈ ಕೀರ್ತಿಯನ್ನು ಬೇರೆಯಾಗಿ ಎತ್ತಿ ಹೇಳಿದರು ಎಂಬುದನ್ನು ಗಮನಿಸಬೇಕು. ಹೊಸ ಬಸದಿಯನ್ನು ಕಟ್ಟಿಸುವ ಪುಣ್ಯಕ್ಕೂ ಹಳೆಯದನ್ನು ಉಳಿಸುವ ಪುಣ್ಯಕ್ಕೂ ಆ ಕಾಲದ ಶ್ರಾವಕರು ಭೇದವೆಣಿಸಲಿಲ್ಲ. ದಂಡನಾಯಕನ ಐಶ್ವರ್ಯ ಇಂದಿನ ಗೃಹಸ್ಥನಿಗೆ ಇಲ್ಲದಿರಬಹುದು. ಆದರೆ ವರ್ಷಕ್ಕೊಂದು ಹೇಮಂತದ ಬೆಳಗನ್ನು ಒಂದು ಬೆಟ್ಟಕ್ಕಾಗಿ ಮೀಸಲಿಡುವಷ್ಟು ಶ್ರೀಮಂತಿಕೆ ಎಲ್ಲರಲ್ಲಿಯೂ ಇದೆ.

ವಿದ್ಯಾರಣ್ಯಪುರಂನ ಪ್ರತಿಯೊಂದು ಶ್ರಾವಕ ಕುಟುಂಬವೂ ಈ ಪ್ರತಿಷ್ಠೆಯ ನೆನಪಿಗಾಗಿ, ಬರುವ ಕಾರ್ತಿಕದ ಅಷ್ಟಾಹ್ನಿಕಕ್ಕೂ ಫಾಲ್ಗುಣದ ಅಷ್ಟಾಹ್ನಿಕಕ್ಕೂ ನಡುವೆ, ನಾಲ್ಕು ದಿಕ್ಕಿನ ಬೆಟ್ಟಗಳಲ್ಲಿ ಒಂದನ್ನಾದರೂ ಜಾತ್ರೆಯಿಲ್ಲದ ದಿನದಲ್ಲಿ ಏರಿ ಬರುವ ಸಂಕಲ್ಪವನ್ನು ಮಾಡಲಿ. ಮನೆಯ ಅತ್ಯಂತ ಹಿರಿಯರೂ ಅತ್ಯಂತ ಕಿರಿಯರೂ ಜೊತೆಗಿರಲಿ. ಹಿರಿಯರಿಗೆ ಅದು ಮುಂದಕ್ಕೆ ಹಾಕಲಾಗದ ದರ್ಶನ; ಕಿರಿಯರಿಗೆ ಮುಂದೆ ಅರವತ್ತು ವರ್ಷ ಆ ಬೆಟ್ಟವನ್ನು ಕಾಯಬೇಕಾದ ನೆನಪು.

ಸರ್ವರಿಗೂ ಮಂಗಳವಾಗಲಿ. ಜೈ ಜಿನೇಂದ್ರ.